ಮಕ್ಕಳ ಫಿಟ್ಸ್: ಬಗೆ ಗುರುತಿಸುವುದು ಹೇಗೆ, ಯಾವುದಕ್ಕೆ ಕಾಯಬಾರದು?

ಪ್ರಶ್ನೆ | ಉಪಕೇಂದ್ರ_ದಿನಚರಿ

ಆಶಾ ಕಾರ್ಯಕರ್ತೆಯರಿಗೂ ಅಂಗನವಾಡಿ ಶಿಕ್ಷಕಿಯರಿಗೂ ಮಕ್ಕಳ ಫಿಟ್ಸ್ ಬಗ್ಗೆ ಅರ್ಧ ದಿನದ ತರಬೇತಿ ಇದೆ, ಅದಕ್ಕೆ ಪಾಠ ತಯಾರಾಗಬೇಕು. ಸಿಗುವ ಪೋಸ್ಟರ್‌ಗಳಲ್ಲೆಲ್ಲ ಒಂದೇ ಚಿತ್ರ: ನೆಲಕ್ಕೆ ಬಿದ್ದ ಮಗು, ಬಡಿಯುವ ಕೈಕಾಲು, ಬಾಯಲ್ಲಿ ನೊರೆ. ಅದನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ಮನೆ ಭೇಟಿಗೆ ಹೋದವರ ಕಣ್ಣೆದುರೇ ನಡೆದರೂ ಫಿಟ್ಸ್ ಅಂತ ಅನ್ನಿಸದೆ ತಪ್ಪಿಹೋಗುವಂಥವು ಯಾವುವು? ಅದರಲ್ಲಿ ಅವತ್ತೇ ಕಳಿಸಬೇಕಾದ್ದು ಯಾವುದು, ಒಂದೆರಡು ವಾರದೊಳಗೆ ತೋರಿಸಿದರೆ ನಡೆಯುವುದು ಯಾವುದು?

ಇನ್ನೆರಡು ವಿಷಯ. ತಲೆಗೆ ಬಿಸಿನೀರು ಹುಯ್ದಾಗ ಬರುವ ಫಿಟ್ಸ್ ಬಗ್ಗೆ ಏನು ಹೇಳಿಕೊಡಬೇಕು? ಫಿಟ್ಸ್ ಥರ ಕಂಡರೂ ಫಿಟ್ಸ್ ಅಲ್ಲದ್ದನ್ನು ಬೇರೆ ಮಾಡುವುದು ಹೇಗೆ? ತಾಯಂದಿರು ‘ಬಾಲಗ್ರಹ’, ‘ದೃಷ್ಟಿ’, ‘ಬೆಚ್ಚಿಬಿದ್ದದ್ದು’ ಅನ್ನುವ ಮಾತಿನಲ್ಲೇ ಹೇಳುತ್ತಾರೆ, ಹಾಗಾಗಿ ಆ ಮಾತಿನ ಹಿಂದೆ ಏನು ಕೇಳಬೇಕು ಅಂತಲೂ ತಿಳಿಸಿ.

ಉತ್ತರ 1 | ಮಕ್ಕಳ_ನರವಿಭಾಗ

ಬಗೆಗಳ ಹೆಸರಿನಿಂದ ಶುರು ಮಾಡಬೇಡಿ, ಮಗುವಿನ ವಯಸ್ಸಿನಿಂದ ಶುರು ಮಾಡಿ. ಒಂದೊಂದು ವಯಸ್ಸಿಗೂ ಅದರದೇ ಫಿಟ್ಸ್ ಇದೆ. 2017ರ ಅಂತರರಾಷ್ಟ್ರೀಯ ವರ್ಗೀಕರಣದ (2025ರಲ್ಲಿ ಅದು ಪರಿಷ್ಕರಣೆಯಾಗಿದೆ) ತಿರುಳು ಮೂರೇ ಪ್ರಶ್ನೆ: ಸೆಳವು ಮಿದುಳಿನ ಒಂದು ಜಾಗದಲ್ಲಿ ಶುರುವಾಯಿತೋ, ಎರಡೂ ಬದಿಯಲ್ಲಿ ಒಟ್ಟಿಗೋ, ಆ ಹೊತ್ತಿನಲ್ಲಿ ಮಗುವಿಗೆ ಅರಿವಿತ್ತೋ ಇಲ್ಲವೋ, ಮೊದಲು ಕಂಡದ್ದು ಅಂಗದ ಚಲನೆಯೋ, ಬೇರೆಯೋ. ಮೂರಕ್ಕೂ ಉತ್ತರ ಸಿಗುವುದು ಮೊದಲ ಐದು ಹತ್ತು ಸೆಕೆಂಡಿನಲ್ಲಿ. ಅದನ್ನು ನೋಡಿದವರು ಮನೆಯವರು ಮಾತ್ರ. ಆಮೇಲೆ ಇಡೀ ಮೈ ಬಡಿಯತೊಡಗಿದ ಮೇಲೆ ಎಲ್ಲ ಫಿಟ್ಸೂ ಒಂದೇ ಥರ ಕಾಣುತ್ತದೆ.

ತರಬೇತಿಯಲ್ಲಿ ಒಂದನ್ನು ಮಾತ್ರ ಹೇಳಲು ಸಮಯ ಇದ್ದರೆ ಹಸುಗೂಸಿನ ಸ್ಪಾಸಂ ಬಗ್ಗೆ ಹೇಳಿ. ಮೂರು ತಿಂಗಳಿಂದ ಒಂದು ವರ್ಷದೊಳಗೆ, ಹೆಚ್ಚಾಗಿ ನಾಲ್ಕರಿಂದ ಏಳನೇ ತಿಂಗಳಲ್ಲಿ ಶುರುವಾಗುತ್ತದೆ. ಮಗು ಆಗಷ್ಟೇ ನಿದ್ದೆಯಿಂದ ಎದ್ದಿರುತ್ತದೆ. ಇದ್ದಕ್ಕಿದ್ದಂತೆ ತಲೆ ಮುಂದಕ್ಕೆ ಬಾಗುತ್ತದೆ, ಎರಡೂ ತೋಳು ಬದಿಗೆ ಚಾಚಿಕೊಳ್ಳುತ್ತವೆ, ಮೊಣಕಾಲು ಹೊಟ್ಟೆಯ ಕಡೆ ಮಡಚಿಕೊಳ್ಳುತ್ತದೆ. ಒಂದೆರಡು ಸೆಕೆಂಡು ಅಷ್ಟೇ, ಮತ್ತೆ ಸಡಿಲ. ಕೆಲವು ಸೆಕೆಂಡು ಬಿಟ್ಟು ಇನ್ನೊಂದು. ಹೀಗೆ ಸಾಲಾಗಿ ಹತ್ತು, ಇಪ್ಪತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು. ನಡುನಡುವೆ ಅಥವಾ ಸಾಲು ಮುಗಿದ ಮೇಲೆ ಮಗು ಅಳುತ್ತದೆ. ನೊರೆ ಇಲ್ಲ, ಬಡಿತ ಇಲ್ಲ. ಕೆಲವು ಮಕ್ಕಳಲ್ಲಿ ಕತ್ತು ಒಂಚೂರು ಬಾಗಿ, ಕಣ್ಣು ಒಮ್ಮೆ ಮೇಲಕ್ಕೆ ಹೋಗಿ ಬರುವುದಷ್ಟೇ ಕಾಣುತ್ತದೆ. ಹೊಟ್ಟೆನೋವು ಅಂತ ಗ್ರೈಪ್ ವಾಟರ್ ಕುಡಿಸುವುದು, ಬೆಚ್ಚಿದೆ ಅಂತ ತಾಯತ ಕಟ್ಟುವುದು, ಇದರಲ್ಲೇ ತಿಂಗಳುಗಳು ಹೋಗಿಬಿಡುತ್ತವೆ.

ಹೊಟ್ಟೆನೋವಿನ ಅಳುವಿನಲ್ಲಿ ಮಗು ಹೊರಳಾಡುತ್ತದೆ, ಮುಲುಕುತ್ತದೆ, ಒಂದೊಂದು ಸಲವೂ ಒಂದೊಂದು ಥರ. ಸ್ಪಾಸಂನಲ್ಲಿ ಅಚ್ಚು ಹಾಕಿದಂತೆ ಅದೇ ಚಲನೆ, ಅದೇ ಅಂತರ. ಸದ್ದಿಗೆ ಬೆಚ್ಚುವ ಮಗು ಸದ್ದಾದಾಗ ಮಾತ್ರ ಬೆಚ್ಚುತ್ತದೆ, ಒಮ್ಮೆ ಬೆಚ್ಚಿ ಸುಮ್ಮನಾಗುತ್ತದೆ, ಆರು ತಿಂಗಳ ಹೊತ್ತಿಗೆ ಆ ಬೆಚ್ಚು ತಾನೇ ಮಾಯವಾಗುತ್ತದೆ. ಯಾವ ಸದ್ದೂ ಇಲ್ಲದೆ, ಎದ್ದ ಕೂಡಲೇ, ಸಾಲುಸಾಲಾಗಿ ಬಂದರೆ ಅದು ಬೆಚ್ಚುವುದಲ್ಲ. ತಾಯಿಯನ್ನು ಇನ್ನೊಂದು ಪ್ರಶ್ನೆ ಕೇಳಿ: ಮೊದಲು ಮುಖ ನೋಡಿ ನಗುತ್ತಿದ್ದ ಮಗು ಈಗ ನಗುವುದು, ಕಣ್ಣಿಟ್ಟು ನೋಡುವುದು ಕಡಿಮೆ ಮಾಡಿದೆಯಾ? ಹೌದು ಅಂದರೆ ಅನುಮಾನ ಇನ್ನೂ ಗಟ್ಟಿ. ಇಲ್ಲ ಅಂದರೂ ಇಂಥ ಸಾಲು ಕಂಡ ಮಗುವನ್ನು ಅವತ್ತೇ ಕಳಿಸಿ.

ಯಾಕಿಷ್ಟು ಅವಸರ ಅಂದರೆ, ಈ ಕಾಯಿಲೆಯಲ್ಲಿ ಸ್ಪಾಸಂನ ನಡುವಿನ ಹೊತ್ತಿನಲ್ಲೂ ಮಿದುಳಿನ ವಿದ್ಯುತ್ ಚಟುವಟಿಕೆ ಪೂರ್ತಿ ಅಸ್ತವ್ಯಸ್ತವಾಗಿರುತ್ತದೆ, ಅದು ಬೆಳವಣಿಗೆಯನ್ನೇ ತಿನ್ನುತ್ತದೆ. ಡಬ್ಲ್ಯು. ಜೆ. ವೆಸ್ಟ್ ಎಂಬ ಇಂಗ್ಲಿಷ್ ವೈದ್ಯರು 1841ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಪತ್ರ ಬರೆದು ಇದನ್ನು ಮೊದಲು ವಿವರಿಸಿದರು. ಆ ಮಗು ಅವರ ಸ್ವಂತ ಮಗ. ಅದಕ್ಕೇ ಇದಕ್ಕೆ ವೆಸ್ಟ್ ಸಿಂಡ್ರೋಮ್ ಅಂತ ಹೆಸರು. ಚಿಕಿತ್ಸೆಯೂ ಬೇರೆ: ಎಸಿಟಿಎಚ್ ಎಂಬ ಹಾರ್ಮೋನಿನ ಇಂಜೆಕ್ಷನ್, ಹೆಚ್ಚಿನ ಪ್ರಮಾಣದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಅಥವಾ ವಿಗಾಬಾಟ್ರಿನ್. ಮಗುವಿನ ಮೈಮೇಲೆ ಎಲೆಯಾಕಾರದ ಬಿಳಿ ಮಚ್ಚೆಗಳಿದ್ದು ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ವಂಶವಾಹಿ ಕಾಯಿಲೆ ಖಚಿತವಾದರೆ ವಿಗಾಬಾಟ್ರಿನ್‌ಗೆ ಮೊದಲ ಸ್ಥಾನ. ಫಿಟ್ಸ್ ಅಂದ ಕೂಡಲೇ ಬರೆದುಕೊಡುವ ಫಿನೋಬಾರ್ಬಿಟೋನ್ ಸಿರಪ್ ಇಲ್ಲಿ ಬಹುಮಟ್ಟಿಗೆ ನಾಟುವುದಿಲ್ಲ. ‘ಔಷಧ ಶುರುವಾಗಿದೆ, ನೋಡೋಣ’ ಅಂತ ಎರಡು ತಿಂಗಳು ಕೂರುವುದೂ ಕಾಯುವುದೇ ಆಯಿತು. ಹುಟ್ಟುವಾಗ ಅಳದ ಮಗು, ಹುಟ್ಟಿದ ಮೊದಲ ದಿನಗಳಲ್ಲಿ ಸಕ್ಕರೆ ಅಂಶ ಕುಸಿದಿದ್ದ ಮಗು ನಿಮ್ಮ ಪಟ್ಟಿಯಲ್ಲಿದ್ದರೆ ಮೂರನೇ ತಿಂಗಳಿಂದ ಪ್ರತಿ ಭೇಟಿಯಲ್ಲೂ ಇದನ್ನು ಕೇಳಲೇಬೇಕು.

ಇನ್ನುಳಿದ ವಯಸ್ಸುಗಳನ್ನು ಚುಟುಕಾಗಿ ಹೇಳುತ್ತೇನೆ. ನವಜಾತ ಶಿಶುವಿನಲ್ಲಿ ಸೈಕಲ್ ತುಳಿದಂತೆ ಕಾಲಾಡಿಸುವುದು, ಬಾಯಿ ಚಪ್ಪರಿಸುವುದು, ಕಣ್ಣು ಒಂದೇ ಬದಿಗೆ ಸಿಕ್ಕಿಕೊಳ್ಳುವುದು, ಉಸಿರು ನಿಲ್ಲುವುದು. ಕೈಕಾಲು ನಡುಗುತ್ತಿದ್ದರೆ ನಿಮ್ಮ ಕೈಯಿಂದ ಮೆಲ್ಲಗೆ ಹಿಡಿದು ಮಡಚಿ ನೋಡಿ. ನಿಂತರೆ ಬರಿಯ ನಡುಕ, ಹಿಡಿದ ಕೈಯೊಳಗೂ ಜಗ್ಗುತ್ತಿದ್ದರೆ ಫಿಟ್ಸ್. ಎರಡಕ್ಕೂ ಸಕ್ಕರೆ, ಕ್ಯಾಲ್ಸಿಯಂ ಪರೀಕ್ಷೆ ಆಗಲೇಬೇಕು. ನವಜಾತ ಫಿಟ್ಸ್ ಯಾವತ್ತೂ ಅವತ್ತಿನದೇ ತುರ್ತು. ಎರಡರಿಂದ ಆರು ತಿಂಗಳಲ್ಲಿ, ತಾಯಿಗೆ ವಿಟಮಿನ್ ಡಿ ಕೊರತೆ ಇದ್ದು ಮಗು ಎದೆಹಾಲನ್ನಷ್ಟೇ ಕುಡಿಯುತ್ತಿದ್ದರೆ, ಜ್ವರ ಇಲ್ಲದೆಯೂ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬರುವುದುಂಟು.

ನಾಲ್ಕರಿಂದ ಹತ್ತು ವರ್ಷದಲ್ಲಿ ಆಬ್ಸೆನ್ಸ್. ಮಗ್ಗಿ ಹೇಳುತ್ತಿದ್ದ ಹುಡುಗಿ ‘ಏಳು ನಾಲ್ಕಲಿ’ ಅಂತ ನಿಂತು, ಹತ್ತು ಸೆಕೆಂಡು ಶೂನ್ಯ ನೋಡಿ, ರೆಪ್ಪೆ ಪಟಪಟಿಸಿ, ಏನೂ ಆಗದಂತೆ ‘ಇಪ್ಪತ್ತೆಂಟು’ ಅನ್ನುತ್ತಾಳೆ. ದಿನಕ್ಕೆ ಹತ್ತಾರು ಸಲ. ಪಾಠ ಕೇಳದೆ ಕನಸು ಕಾಣುವ ಮಗುವಿನ ಭುಜ ತಟ್ಟಿದರೆ ತಿರುಗಿ ನೋಡುತ್ತದೆ, ಇಲ್ಲಿ ನೋಡುವುದಿಲ್ಲ. ಕನಸು ಕಾಣುವುದು ಬೇಸರದ ಪಾಠದಲ್ಲಿ. ಇದು ಊಟದ ತುತ್ತು ಎತ್ತುವಾಗಲೂ, ಆಟದಲ್ಲೂ ಬರುತ್ತದೆ. ಒಂದು ವಾರದೊಳಗೆ ತೋರಿಸಿದರೆ ಸಾಕು, ಆದರೆ ಅಲ್ಲಿಯವರೆಗೆ ಕೆರೆ, ಬಾವಿ, ಮುಖ್ಯರಸ್ತೆಯಲ್ಲಿ ಸೈಕಲ್ ಬೇಡ.

ಅದೇ ವಯಸ್ಸಿನಲ್ಲಿ ನಿದ್ದೆಗೆ ಸಂಬಂಧಿಸಿದ ರೋಲ್ಯಾಂಡಿಕ್ ಫಿಟ್ಸ್: ಮಲಗಿದ ಸ್ವಲ್ಪ ಹೊತ್ತಿಗೆ ಅಥವಾ ಬೆಳಗಿನ ಜಾವ ತುಟಿಯ ಒಂದು ಬದಿ ಜಗ್ಗುತ್ತದೆ, ಗಂಟಲಲ್ಲಿ ಗೊರಗೊರ ಸದ್ದು, ಜೊಲ್ಲು ಸುರಿಯುತ್ತದೆ. ಮಗುವಿಗೆ ಎಚ್ಚರ ಇರುತ್ತದೆ, ಮಾತಾಡಲು ಮಾತ್ರ ಆಗುವುದಿಲ್ಲ. ಹದಿಹರೆಯ ದಾಟುವ ಹೊತ್ತಿಗೆ ಬಹುತೇಕ ಎಲ್ಲರಲ್ಲೂ ತಾನಾಗಿ ನಿಲ್ಲುತ್ತದೆ. ಚಿಕ್ಕ ಮಕ್ಕಳಲ್ಲಿ, ಮೂರರಿಂದ ಆರು ವರ್ಷದ ಆಜುಬಾಜು, ಇನ್ನೊಂದು ಇದೆ: ರಾತ್ರಿ ಎದ್ದು ವಾಂತಿ, ಮುಖ ಬಿಳಿಚುವುದು, ಆಮೇಲೆ ಕಣ್ಣು ಒಂದು ಕಡೆ ತಿರುಗಿ ನಿಂತು ಪ್ರತಿಕ್ರಿಯೆ ನಿಲ್ಲುವುದು. ಅರ್ಧ ಗಂಟೆ ಮೀರಿದರೂ ಮೀರೀತು. ತಿಂದದ್ದು ಹಿಡಿಸಲಿಲ್ಲ ಅಂತ ಇದನ್ನು ಬಿಟ್ಟುಬಿಡುತ್ತಾರೆ.

ಆರೋಗ್ಯವಾಗಿದ್ದ ಶಾಲಾ ಮಗುವಿಗೆ ಒಂದೇ ಕೈಯ ಹೆಬ್ಬೆರಳಿನಿಂದ ಶುರುವಾಗಿ ತೋಳಿಗೆ, ಮುಖಕ್ಕೆ ಹತ್ತುವ ಸೆಳೆತ ಬಂದು, ಆಮೇಲೆ ಆ ಕೈ ಕೆಲವು ಗಂಟೆ ಸೋತಿದ್ದರೆ ನಮ್ಮ ದೇಶದಲ್ಲಿ ಮೊದಲು ಯೋಚಿಸಬೇಕಾದ್ದು ಮಿದುಳಿನಲ್ಲಿ ಲಾಡಿಹುಳುವಿನ ಮರಿಕೋಶ, ಇಲ್ಲವೇ ಕ್ಷಯದ ಗಂಟು. ಮೊದಲನೆಯದು ಹುಳುವಿನ ಮೊಟ್ಟೆ ಸೇರಿದ ನೀರು, ತೊಳೆಯದ ಹಸಿ ತರಕಾರಿ, ಕೈಗಳಿಂದ ಬರುತ್ತದೆ. ‘ನಾವು ಮಾಂಸವನ್ನೇ ತಿನ್ನುವುದಿಲ್ಲ’ ಎಂಬ ಮನೆಯಲ್ಲೂ ಬರುತ್ತದೆ. ಸ್ಕ್ಯಾನ್ ಇಲ್ಲದೆ ಇದು ತೀರ್ಮಾನ ಆಗುವುದಿಲ್ಲ.

ಹನ್ನೆರಡು ದಾಟಿದ ಮಕ್ಕಳಲ್ಲಿ ಬೆಳಿಗ್ಗೆ ಎದ್ದ ಒಂದು ಗಂಟೆಯೊಳಗೆ ಭುಜ, ತೋಳು ಝಟ್ಟನೆ ಜಗ್ಗಿ ಹಲ್ಲುಜ್ಜುವ ಬ್ರಶ್ ಹಾರುತ್ತದೆ, ಲೋಟದ ಕಾಫಿ ಚೆಲ್ಲುತ್ತದೆ. ಮನೆಯಲ್ಲಿ ‘ಗಮನವೇ ಇಲ್ಲ’ ಅಂತ ಬೈಸಿಕೊಳ್ಳುತ್ತಾರೆ. ಪರೀಕ್ಷೆಯ ಕಾಲದಲ್ಲಿ ನಿದ್ದೆಗೆಟ್ಟ ಮರುದಿನ ಮೊದಲ ದೊಡ್ಡ ಫಿಟ್ಸ್ ಬಂದಾಗ ಮಾತ್ರ ಆಸ್ಪತ್ರೆಗೆ ಬರುತ್ತಾರೆ. ವೈದ್ಯರಿಗೆ ಈ ಬೆಳಗಿನ ಜಗ್ಗು ಹೇಳದೆ ಹೋದರೆ ಕಾರ್ಬಮಾಜೆಪಿನ್ ಶುರುವಾಗಬಹುದು. ಈ ಬಗೆಯನ್ನೂ ಆಬ್ಸೆನ್ಸನ್ನೂ ಆ ಔಷಧ ಹೆಚ್ಚಿಸುತ್ತದೆ. ಬಗೆ ಗುರುತಿಸುವುದು ಪುಸ್ತಕದ ಚಟ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ನೇರ ಕಾರಣ ಬೇಡ.

ಉತ್ತರ 2 | ಇಇಜಿ_ಕೊಠಡಿ

ಮೇಲಿನ ಉತ್ತರಕ್ಕೆ ಸೇರಿಸಬೇಕಾದ್ದು ವಿಡಿಯೋ. ಮಗುವಿನ ಜತೆ ಇನ್ನೊಬ್ಬರಿದ್ದರೆ ಮಾತ್ರ ಫೋನ್ ತೆಗೆಯಲಿ. ಫೋನ್ ಅಡ್ಡ ಹಿಡಿಯಿರಿ, ದೀಪ ಹಾಕಿ, ಹೊದಿಕೆ ತೆಗೆಯಿರಿ. ಮುಖ, ಎರಡೂ ಕೈ, ಎರಡೂ ಕಾಲು ಚೌಕಟ್ಟಿನಲ್ಲಿ ಬರಬೇಕು. ಮುಖಕ್ಕೆ ಮಾತ್ರ ಹತ್ತಿರ ಹೋದರೆ ಬಲಗೈ ಮೊದಲೋ ಎಡಗೈ ಮೊದಲೋ ಗೊತ್ತಾಗುವುದಿಲ್ಲ. ಕಣ್ಣು ತೆರೆದಿದೆಯೋ ಮುಚ್ಚಿದೆಯೋ, ಯಾವ ಕಡೆ ತಿರುಗಿದೆ ಅಂತ ಬಾಯಲ್ಲಿ ಹೇಳುತ್ತಾ ಹೋಗಿ, ಅದು ರೆಕಾರ್ಡ್ ಆಗುತ್ತದೆ. ಹೆಸರು ಹಿಡಿದು ಕರೆಯಿರಿ. ದೊಡ್ಡ ಮಗುವಾದರೆ ‘ಮಾವಿನಹಣ್ಣು, ನೆನಪಿಟ್ಟುಕೋ’ ಅಂತ ಒಂದು ಪದ ಹೇಳಿ. ಮುಗಿದ ಮೇಲೆ ಏನು ಹೇಳಿದೆ ಅಂತ ಕೇಳಿ. ನೆನಪಿದ್ದರೆ ಅರಿವು ಉಳಿದಿತ್ತು. ನಿಂತ ಮೇಲೂ ಎರಡು ನಿಮಿಷ ರೆಕಾರ್ಡ್ ನಿಲ್ಲಿಸಬೇಡಿ: ಮಾತು ತಡವರಿಸುತ್ತದೆಯಾ, ಒಂದು ಕೈ ಸೋತಿದೆಯಾ, ಎಷ್ಟು ಹೊತ್ತಿಗೆ ಮನೆಯವರನ್ನು ಗುರುತಿಸಿತು. ಇದು ಎಷ್ಟೋ ಸಲ ಸ್ಕ್ಯಾನ್‌ಗಿಂತ ಹೆಚ್ಚು ಹೇಳುತ್ತದೆ.

ಇಇಜಿ (ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆ) ಬಗ್ಗೆ ಎರಡು ತಪ್ಪು ತಿಳಿವಳಿಕೆ ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ಇಇಜಿ ನಾರ್ಮಲ್ ಬಂತು, ಹಾಗಾಗಿ ಫಿಟ್ಸ್ ಅಲ್ಲ ಅನ್ನುವುದು ಒಂದು. ಅರ್ಧ ಗಂಟೆಯ ರೆಕಾರ್ಡಿಂಗ್‌ನಲ್ಲಿ ಫಿಟ್ಸ್ ಸೂಚಿಸುವ ಅಲೆ ಕಾಣದಿರುವುದು ಸಾಮಾನ್ಯ. ಇಇಜಿಯಲ್ಲಿ ‘ಸ್ಪೈಕ್’ (ಚೂಪಾದ ಅಲೆ) ಬಂತು, ಹಾಗಾಗಿ ಔಷಧ ಬೇಕೇ ಬೇಕು ಅನ್ನುವುದು ಇನ್ನೊಂದು. ಯಾವತ್ತೂ ಫಿಟ್ಸ್ ಬಾರದ ಕೆಲವು ಮಕ್ಕಳಲ್ಲೂ ಸ್ಪೈಕ್ ಇರುತ್ತದೆ. ಕಥನ, ವಿಡಿಯೋ, ಇಇಜಿ ಮೂರನ್ನೂ ಒಟ್ಟಿಗಿಟ್ಟು ನೋಡಬೇಕು.

ಆಬ್ಸೆನ್ಸ್ ಅನುಮಾನ ಇದ್ದರೆ ಮೂರು ನಿಮಿಷ ಜೋರಾಗಿ ಉಸಿರಾಡಿಸುತ್ತೇವೆ. ಚಿಕ್ಕವರಿಗೆ ಕಾಗದದ ಗಿರಗಿಟ್ಲೆ ಕೊಟ್ಟರೆ ಊದುತ್ತಾ ಊದುತ್ತಾ ನಿಂತುಬಿಡುತ್ತಾರೆ, ಆ ಕ್ಷಣದಲ್ಲೇ ಪರದೆಯ ಮೇಲೆ ಸೆಕೆಂಡಿಗೆ ಮೂರರಂತೆ ಸ್ಪೈಕು-ಅಲೆಯ ಸಾಲು ಹರಿಯುತ್ತದೆ. ಔಷಧ ಶುರುವಾಗದ ಮಕ್ಕಳಲ್ಲಿ ಬಹುತೇಕ ಸಿಕ್ಕೇ ಸಿಗುತ್ತದೆ. ಹೃದಯದ ತೊಂದರೆ, ಜೋರು ಅಸ್ತಮಾ, ಕುಡಗೋಲು ಕಣ (ಸಿಕಲ್ ಸೆಲ್) ರಕ್ತಹೀನತೆ ಇರುವ ಮಗುವಿಗೆ ಇದನ್ನು ಮಾಡಿಸಬಾರದು. ಹಾಗಾಗಿ ತರಬೇತಿಯಲ್ಲಿ ‘ಊದಿಸಿ ಪರೀಕ್ಷಿಸಿ’ ಅಂತ ಹೇಳಿಕೊಡಬೇಡಿ, ಆಸ್ಪತ್ರೆಗೇ ಬಿಡಿ.

ಪರೀಕ್ಷೆಗೆ ಬರುವ ಹಿಂದಿನ ದಿನ ತಲೆ ತೊಳೆದು, ಎಣ್ಣೆ ಹಚ್ಚದೆ ಕಳಿಸಿ. ಎಣ್ಣೆಗೂದಲಿಗೆ ಎಲೆಕ್ಟ್ರೋಡ್ ಹಿಡಿಯುವುದಿಲ್ಲ. ವೈದ್ಯರು ಹೇಳದೆ ಔಷಧ ತಪ್ಪಿಸಬಾರದು. ಸ್ಪಾಸಂ ಅನುಮಾನದ ಕೂಸಿಗೆ ನಿದ್ದೆಯೂ, ನಿದ್ದೆಯಿಂದ ಏಳುವ ಹೊತ್ತೂ ರೆಕಾರ್ಡ್ ಆಗಬೇಕು. ದಾರಿಯಲ್ಲಿ ನಿದ್ದೆ ಮಾಡಿಸಿಕೊಂಡು ಬಂದರೆ ಇಡೀ ದಿನ ವ್ಯರ್ಥ. ಬಸ್ಸಿನಲ್ಲಿ ಕೂಸನ್ನು ಎಚ್ಚರವಾಗಿಡಿ, ಹಾಲು ಪರೀಕ್ಷಾ ಕೊಠಡಿಗೆ ಬಂದ ಮೇಲೆ ಕೊಡಿ.

ಉತ್ತರ 3 | ಕಾವೇರಿ_ತೀರ_ನರವೈದ್ಯ

ಬಿಸಿನೀರಿನ ಫಿಟ್ಸ್ ಬಗ್ಗೆ ಬರೆಯುತ್ತೇನೆ, ಯಾಕೆಂದರೆ ಜಗತ್ತಿನಲ್ಲೇ ಇದು ಹೆಚ್ಚಾಗಿ ವರದಿಯಾಗಿರುವುದು ದಕ್ಷಿಣ ಕರ್ನಾಟಕದಿಂದ. ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡಿನಿಂದ ಬಂತು. ದೊಡ್ಡ ಸಂಖ್ಯೆಯ ರೋಗಿಗಳ ಅಧ್ಯಯನ ನಡೆದದ್ದು ಬೆಂಗಳೂರಿನಲ್ಲಿ, ಮುಖ್ಯವಾಗಿ ನಿಮ್ಹಾನ್ಸ್‌ನಲ್ಲಿ. ಟರ್ಕಿ, ಜಪಾನ್‌ಗಳಲ್ಲೂ ಕಾಣುತ್ತದೆ.

ನಮ್ಮ ಸ್ನಾನದ ಪದ್ಧತಿಯನ್ನೇ ನೋಡಿ. ಹಂಡೆಯಲ್ಲಿ ಕಾದ ನೀರು, 40ರಿಂದ 50 ಡಿಗ್ರಿ ಸೆಲ್ಸಿಯಸ್. ವಾರಕ್ಕೊಂದು ಎರಡು ಸಲ ತಲೆಸ್ನಾನ. ಚೊಂಬಿನ ಮೇಲೆ ಚೊಂಬು ನೆತ್ತಿಗೆ ಸುರಿಯುವುದು. ಪ್ರಚೋದನೆ ಬರಿಯ ಬಿಸಿಯಲ್ಲ: ಬಿಸಿ, ಅದು ನೆತ್ತಿಗೆ ಬೀಳುವುದು, ಒಂದರ ಹಿಂದೊಂದು ವೇಗವಾಗಿ ಬೀಳುವುದು, ಮೂರೂ ಕೂಡಬೇಕು. ಅದೇ ಮಗುವಿಗೆ ಅದೇ ನೀರಿನಲ್ಲಿ ಮೈಸ್ನಾನ ಮಾಡಿಸಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ತಾಯಿಗೆ ಕೇಳಬೇಕಾದ ಪ್ರಶ್ನೆ ಇದೇ: ‘ತಲೆಗೆ ಹುಯ್ದ ದಿನ ಮಾತ್ರವಾ?’

ಹೆಚ್ಚಿನವರಲ್ಲಿ ಕೈಕಾಲು ಬಡಿತವಿಲ್ಲದೆ ಬರುತ್ತದೆ. ಮಗು ಮಾತಾಡುತ್ತಿದ್ದದ್ದು ನಿಂತು, ದಿಕ್ಕುತೋಚದಂತೆ ನೋಡುತ್ತದೆ, ಹೆದರಿದ ಮುಖ, ಅರ್ಥವಿಲ್ಲದ ಗೊಣಗು, ತುಟಿ ಚಪ್ಪರಿಸುವುದು. ಒಂದರಿಂದ ಮೂರು ನಿಮಿಷ. ಕೆಲವರಲ್ಲಿ ಅದು ಪೂರ್ಣ ಫಿಟ್ಸಿಗೆ ತಿರುಗುತ್ತದೆ. ಗಂಡುಮಕ್ಕಳಲ್ಲಿ ಹೆಚ್ಚು. ಕೆಲವು ಮಕ್ಕಳಿಗೆ ಆ ಹೊತ್ತಿನಲ್ಲಿ ಒಂಥರಾ ಹಿತ ಅನ್ನಿಸಿ ತಾವೇ ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ, ನಿಲ್ಲಿಸು ಅಂದರೂ ನಿಲ್ಲಿಸುವುದಿಲ್ಲ. ಮನೆಯವರು ಇದನ್ನು ಹಟ ಅಂದುಕೊಳ್ಳುತ್ತಾರೆ. ಅದೂ ರೋಗದ ಭಾಗ.

ಪರಿಹಾರ ಸರಳ, ಆದರೆ ಅರ್ಧಂಬರ್ಧ ಮಾಡಿದರೆ ಆಗುವುದಿಲ್ಲ. ನೀರು ಉಗುರುಬೆಚ್ಚಗೆ, ಮೊಣಕೈ ಅದ್ದಿದರೆ ಬಿಸಿ ಅನ್ನಿಸಬಾರದು. ಚೊಂಬಿನಿಂದ ಸುರಿಯಬೇಡಿ, ಒದ್ದೆ ಬಟ್ಟೆಯಿಂದ ತಲೆ ನೆನೆಸಿ ಒರೆಸಿ, ನಡುವೆ ಬಿಡುವು ಕೊಡಿ. ಸೀಗೆಕಾಯಿ ತೊಳೆಯುವಾಗ ಅವಸರಕ್ಕೆ ನಾಲ್ಕು ಚೊಂಬು ಒಟ್ಟಿಗೆ ಸುರಿಯುವುದೇ ಅಪಾಯದ ಹಂತ. ಬಚ್ಚಲಿನ ಚಿಲಕ ಹಾಕಬಾರದು, ಬಿಸಿ ಹಂಡೆಯ ಪಕ್ಕ ಮಗುವನ್ನು ಕೂರಿಸಬಾರದು. ಫಿಟ್ಸಿಗಿಂತ ಸುಟ್ಟಗಾಯ ದೊಡ್ಡದಾದ ಸಂದರ್ಭಗಳಿವೆ. ಇಷ್ಟಕ್ಕೂ ನಿಲ್ಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ ಗಂಟೆ ಮೊದಲು ಕ್ಲೋಬಜಾಮ್ ಎಂಬ ಫಿಟ್ಸ್ ತಡೆಯುವ ಮಾತ್ರೆ ಒಂದು ಡೋಸ್ ಕೊಡುವ ಕ್ರಮವಿದೆ. ಪ್ರಮಾಣ ತೂಕ ನೋಡಿ ವೈದ್ಯರೇ ಬರೆಯಬೇಕು. ಯುಗಾದಿ, ದೀಪಾವಳಿಯ ಅಭ್ಯಂಜನಕ್ಕೆ ಮಾತ್ರೆ ಮರೆತುಹೋಗುವುದು ಸಹಜ, ಅಂಥ ಮನೆಗಳಿಗೆ ಹಬ್ಬದ ಹಿಂದಿನ ದಿನ ಒಂದು ಫೋನ್ ಸಾಕು.

ಒಂದು ಭಾಗದ ಮಕ್ಕಳಲ್ಲಿ ಮುಂದೆ ಸ್ನಾನದ ಹಂಗಿಲ್ಲದೆಯೂ ಫಿಟ್ಸ್ ಬರತೊಡಗುತ್ತದೆ. ಹಾಗಾಗಿ ‘ತಣ್ಣೀರು ಹುಯ್ದರೆ ಆಯಿತು’ ಅಂತ ಕೈಬಿಡದೆ ಒಮ್ಮೆ ತೋರಿಸಲೇಬೇಕು.

ಉತ್ತರ 4 | ಮಕ್ಕಳ_ವಾರ್ಡ್

ಫಿಟ್ಸ್ ಅಲ್ಲದವುಗಳನ್ನು ಗುರುತಿಸಲು ಘಟನೆಯ ಸರದಿ ಹಿಡಿಯಿರಿ. ಒಂದೂವರೆ ವರ್ಷದ ಮಗು ಆಟಿಕೆ ಕಿತ್ತುಕೊಂಡದ್ದಕ್ಕೆ ಕಿರುಚಿ ಅತ್ತು, ಉಸಿರು ಹೊರಗೆ ಬಿಟ್ಟವನು ಒಳಗೆಳೆಯದೆ ನೀಲಿಗಟ್ಟಿ, ಸೋತು, ಕೊನೆಗೆ ಒಂದೆರಡು ಸಲ ಸೆಟೆದು ಜಗ್ಗಿದರೆ ಅದು ಉಸಿರು ಕಟ್ಟುವ ಕಾಯಿಲೆ. ಅಳು ಮೊದಲು, ನೀಲಿ ಆಮೇಲೆ, ಜಗ್ಗು ಕೊನೆಗೆ. ಫಿಟ್ಸ್‌ನಲ್ಲಿ ಸೆಟೆಯುವುದು ಮೊದಲು, ನೀಲಿ ಆಮೇಲೆ. ಉಸಿರು ಕಟ್ಟುವ ಮಗುವಿಗೆ ಫಿಟ್ಸ್ ಔಷಧ ಬೇಡ. ರಕ್ತ ಪರೀಕ್ಷಿಸಿ ಕಬ್ಬಿಣದಂಶ ಕಡಿಮೆ ಇದ್ದರೆ ಕಬ್ಬಿಣದ ಸಿರಪ್ ಕೊಟ್ಟಾಗ ಎಷ್ಟೋ ಮಕ್ಕಳಲ್ಲಿ ಕಡಿಮೆಯಾಗುತ್ತದೆ.

ಶಾಲೆಯ ಪ್ರಾರ್ಥನೆಯಲ್ಲಿ ಬಿಸಿಲಿಗೆ ನಿಂತು, ಕಣ್ಣು ಕತ್ತಲಿಟ್ಟು, ಬೆವರಿ ಬಿಳಿಚಿ ಕುಸಿಯುವುದು ತಲೆಸುತ್ತು. ನೆಲಕ್ಕೆ ಬಿದ್ದ ಮೇಲೆ ನಾಲ್ಕಾರು ಜಗ್ಗು ಬಂದರೂ ಅದು ತಲೆಸುತ್ತೇ. ಅರ್ಧ ನಿಮಿಷದಲ್ಲಿ ಎಲ್ಲಿದ್ದೇನೆ ಅಂತ ಗೊತ್ತಾಗಿರುತ್ತದೆ. ಆದರೆ ಓಡುತ್ತಿರುವಾಗ, ಈಜುವಾಗ, ಅಥವಾ ಜೋರು ಸದ್ದಿಗೆ ಬೆಚ್ಚಿ ಪ್ರಜ್ಞೆ ತಪ್ಪಿದರೆ ಅದು ಹೃದಯದ ಲಯದ ದೋಷ ಇರಬಹುದು, ಇಸಿಜಿ ಆಗದೆ ಮನೆಗೆ ಕಳಿಸಬಾರದು. ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ ಸಾವು ಆಗಿದೆಯೇ ಅಂತ ಕೇಳಿ.

ಎಳೆಗೂಸು ನಿದ್ದೆಯಲ್ಲಿ ಮಾತ್ರ ಕೈಕಾಲು ಚಿಮ್ಮಿ, ಎಬ್ಬಿಸಿದ ಕೂಡಲೇ ನಿಂತರೆ ಚಿಂತೆ ಬೇಡ. ಮಲಗಿ ಒಂದೆರಡು ಗಂಟೆಗೆ ಕಿರುಚಿ ಎದ್ದು ಯಾರನ್ನೂ ಗುರುತಿಸದೆ ಅತ್ತು ಮತ್ತೆ ಮಲಗುವುದು ನಿದ್ರಾಭಯ. ಅದೇ ರಾತ್ರಿ ನಾಲ್ಕೈದು ಸಲ, ಪ್ರತಿ ಸಲ ಅದೇ ಭಂಗಿಯಲ್ಲಿ, ಅರ್ಧ ನಿಮಿಷದ್ದು ಬಂದರೆ ಅದನ್ನು ನಿದ್ರಾಭಯ ಅನ್ನಬೇಡಿ, ವಿಡಿಯೋ ಮಾಡಿಸಿ.

ಯಾರೂ ಕೇಳದ ಪ್ರಶ್ನೆ ಒಂದಿದೆ: ಮನೆಯಲ್ಲಿ ಕರ್ಪೂರ, ನೀಲಗಿರಿ ಎಣ್ಣೆ ಎಲ್ಲಿಟ್ಟಿದ್ದೀರಿ? ದೇವರ ಕೋಣೆಯ ಕರ್ಪೂರದ ಬಿಲ್ಲೆ ಮಗುವಿಗೆ ಕಲ್ಲುಸಕ್ಕರೆಯಂತೆ ಕಾಣುತ್ತದೆ. ನುಂಗಿದ ಐದು ನಿಮಿಷದಿಂದ ಎರಡು ಗಂಟೆಯೊಳಗೆ ಫಿಟ್ಸ್ ಬರಬಹುದು. ಶೀತಕ್ಕೆ ಎದೆಗೆ ಕರ್ಪೂರದೆಣ್ಣೆ ತಿಕ್ಕುವುದೂ ಎಳೆಗೂಸಿಗೆ ಬೇಡ. ಜ್ವರ ಇಲ್ಲದ ಮೊದಲ ಫಿಟ್ಸ್‌ನಲ್ಲಿ ಬಾಯಿಯ ವಾಸನೆ ನೋಡಿ.

ಜ್ವರದ ಫಿಟ್ಸ್ ಆರು ತಿಂಗಳಿಂದ ಐದು ವರ್ಷದೊಳಗಿನದು, ನೂರರಲ್ಲಿ ಎರಡರಿಂದ ಐದು ಮಕ್ಕಳಿಗೆ ಬರುತ್ತದೆ. ಸಾದಾ ಅನ್ನಬೇಕಾದರೆ ಇಡೀ ಮೈಗೆ ಬಂದಿರಬೇಕು, ಹದಿನೈದು ನಿಮಿಷದೊಳಗೆ ನಿಂತಿರಬೇಕು, 24 ಗಂಟೆಯಲ್ಲಿ ಒಂದೇ ಸಲ ಆಗಿರಬೇಕು. ಮೂವರಲ್ಲಿ ಒಬ್ಬರಿಗೆ ಮತ್ತೆ ಬರುತ್ತದೆ. ಮಿದುಳಿಗೆ, ಬುದ್ಧಿಗೆ ಹಾನಿಯಿಲ್ಲ. ಇದಕ್ಕೆ ಇಇಜಿ, ಸ್ಕ್ಯಾನ್ ಬೇಡ. ಆರು ತಿಂಗಳಿಗಿಂತ ಚಿಕ್ಕ ಕೂಸು, ನೆತ್ತಿ ಉಬ್ಬಿರುವುದು, ಕತ್ತು ಬಿಗಿ, ಒಂದು ಗಂಟೆಯಾದರೂ ಸರಿಯಾಗಿ ಎಚ್ಚರಾಗದಿರುವುದು, ಮೈಮೇಲೆ ಒತ್ತಿದರೂ ಮಾಸದ ಕೆಂಪು ಚುಕ್ಕೆ: ಇವುಗಳಲ್ಲಿ ಒಂದಿದ್ದರೂ ಅದನ್ನು ‘ಜ್ವರದ ಫಿಟ್ಸ್’ ಅನ್ನದೆ ಮಿದುಳಿನ ಸೋಂಕು ಅಂದುಕೊಂಡೇ ಓಡಬೇಕು.

ಪ್ಯಾರಸಿಟಮಾಲ್ ಮಗುವಿನ ನೋವು, ಸುಸ್ತಿಗೆ ಕೊಡಿ, ಕಿಲೋಗೆ 15 ಮಿಲಿಗ್ರಾಂ. ಅದು ಫಿಟ್ಸ್ ತಡೆಯುವುದಿಲ್ಲ, ತಣ್ಣೀರ ಪಟ್ಟಿಯೂ ತಡೆಯುವುದಿಲ್ಲ. ಡೋಸ್ ಹೇಳುವಾಗ ಬಾಟಲಿ ಓದಿಸಿ: ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ ಅಂದರೆ 5 ಎಂಎಲ್‌ಗೆ 125 ಮಿಲಿಗ್ರಾಂ ಇರುವ ಸಿರಪ್ ಆದರೆ 6 ಎಂಎಲ್, 5 ಎಂಎಲ್‌ಗೆ 250 ಇರುವುದಾದರೆ 3 ಎಂಎಲ್, ಒಂದು ಎಂಎಲ್‌ಗೇ 100 ಇರುವ ಡ್ರಾಪ್ಸ್ ಆದರೆ ಒಂದೂವರೆ ಎಂಎಲ್. ಡ್ರಾಪ್ಸನ್ನು ಸಿರಪ್ ಲೆಕ್ಕದಲ್ಲಿ ಕೊಟ್ಟು ನಾಲ್ಕು ಪಟ್ಟು ಹೋಗುವ ತಪ್ಪು ನಡೆಯುತ್ತದೆ.

ಮರುಪ್ರಶ್ನೆ | ಉಪಕೇಂದ್ರ_ದಿನಚರಿ

ಇದನ್ನೆಲ್ಲ ವಯಸ್ಸಿನ ಪ್ರಕಾರ ಹಾಳೆಗೆ ಇಳಿಸುತ್ತೇನೆ. ಎರಡು ಸಂದೇಹ. ಜ್ವರದ ಫಿಟ್ಸ್ ಬಂದ ಮಗುವಿಗೆ ಮುಂದೆ ಪ್ರತಿ ಜ್ವರಕ್ಕೂ ಕ್ಲೋಬಜಾಮ್ ಕೊಡಿ ಅಂತ ಚೀಟಿಗಳಲ್ಲಿ ಕಾಣುತ್ತದೆ, ಅದು ಎಲ್ಲರಿಗೂ ಬೇಕಾ? ಮೂಗಿಗೆ ಹೊಡೆಯುವ ಸ್ಪ್ರೇ ಮನೆಯಲ್ಲಿರುವ ಮಕ್ಕಳಿದ್ದಾರೆ, ಎಷ್ಟು ಸಲ ಒತ್ತಬೇಕು ಅಂತ ಮನೆಯವರಿಗೇ ಗೊಂದಲ.

ಉತ್ತರ 5 | ಮಕ್ಕಳ_ನರವಿಭಾಗ

ಎಲ್ಲರಿಗೂ ಬೇಡ. ಸಾದಾ ಫಿಟ್ಸ್ ಒಂದೆರಡು ಸಲ ಬಂದ ಮಗುವಿಗೆ ಏನೂ ಬೇಡ. ಆರು ತಿಂಗಳಲ್ಲಿ ಮೂರು ಅಥವಾ ವರ್ಷದಲ್ಲಿ ನಾಲ್ಕು ಸಲ ಬಂದರೆ, ಅಥವಾ ಬಹಳ ಹೊತ್ತು ಹಿಡಿದಿದ್ದರೆ, ಜ್ವರದ ಮೊದಲ ಮೂರು ದಿನ ಕ್ಲೋಬಜಾಮ್ ಕೊಡುವುದನ್ನು ವೈದ್ಯರು ಯೋಚಿಸುತ್ತಾರೆ. ಮಗು ತೂಕಡಿಸುತ್ತದೆ, ಓಲಾಡುತ್ತದೆ. ಆ ತೂಕಡಿಕೆಯಲ್ಲಿ ಮೆದುಳುಜ್ವರದ ಮಂಕು ಮರೆಯಾಗಬಹುದು ಅನ್ನುವುದೇ ನನ್ನ ಹಿಂಜರಿಕೆ. ಫಿಟ್ಸ್ ಬಂದರೆ ನಿಲ್ಲಿಸುವ ಸ್ಪ್ರೇ ಮನೆಯಲ್ಲಿಟ್ಟು ಕಲಿಸುವುದು ಹೆಚ್ಚು ಒಳ್ಳೆಯದು.

ಸ್ಪ್ರೇ ಅಂದರೆ ಮಿಡಜೋಲಮ್. ಲೆಕ್ಕ ಕಿಲೋಗೆ 0.2 ಮಿಲಿಗ್ರಾಂ. ಒಂದು ಒತ್ತಿಗೆ 0.5 ಮಿಲಿಗ್ರಾಂ ಬರುವ ಬಾಟಲಿಯಲ್ಲಿ 10 ಕಿಲೋ ಮಗುವಿಗೆ 4 ಒತ್ತು, 15 ಕಿಲೋಗೆ 6, 20 ಕಿಲೋಗೆ 8, ಎರಡು ಹೊಳ್ಳೆಗೂ ಸಮನಾಗಿ ಹಂಚಿ. ಆದರೆ ಒಂದು ಒತ್ತಿಗೆ 1.25 ಬರುವ ಬಾಟಲಿಯೂ ಅಂಗಡಿಯಲ್ಲಿದೆ. ಹಳೆಯದು ಮುಗಿದು ಹೊಸದು ತಂದಾಗ ಹಳೆಯ ಎಣಿಕೆಯಲ್ಲೇ ಒತ್ತಿದರೆ ಎರಡೂವರೆ ಪಟ್ಟು ಔಷಧ ಹೋಗಿ ಉಸಿರು ಕುಗ್ಗುತ್ತದೆ. ಗೊಂದಲದ ಮೂಲ ಇದೇ. ಬಾಟಲಿಗೆ ಬಿಳಿ ಪ್ಲಾಸ್ಟರ್ ಅಂಟಿಸಿ, ಮಗುವಿನ ಹೆಸರು, ಇವತ್ತಿನ ತೂಕ, ‘ಎಡಕ್ಕೆ ಇಷ್ಟು, ಬಲಕ್ಕೆ ಇಷ್ಟು’ ಅಂತ ವೈದ್ಯರಿಂದಲೇ ಬರೆಸಿ. ಮೂರು ತಿಂಗಳಿಗೊಮ್ಮೆ ತೂಕ ನೋಡಿ ತಿದ್ದಿಸಿ. ಹೊಸ ಬಾಟಲಿಯನ್ನು ತುಂತುರು ಬರುವವರೆಗೆ ಗಾಳಿಗೆ ಒತ್ತಿ ಸಿದ್ಧ ಮಾಡದಿದ್ದರೆ ಮೊದಲ ಒತ್ತುಗಳಲ್ಲಿ ಬರೀ ಗಾಳಿ ಹೋಗುತ್ತದೆ.

ಯಾವಾಗ ಒತ್ತಬೇಕು? ಬಡಿಯುವ ಫಿಟ್ಸ್ ಐದು ನಿಮಿಷ ದಾಟಿದಾಗ. ಐದು ನಿಮಿಷ ಮೀರಿದ್ದು ತಾನಾಗಿ ನಿಲ್ಲುವ ಸಾಧ್ಯತೆ ಇಳಿಯುತ್ತದೆ, ಮೂವತ್ತು ನಿಮಿಷ ಮೀರಿದರೆ ಮಿದುಳಿಗೆ ಹಾನಿಯ ಭಯ. ಗಾಬರಿಯಲ್ಲಿ ಒಂದು ನಿಮಿಷ ಹತ್ತರಂತೆ ಅನ್ನಿಸುತ್ತದೆ, ಹಾಗಾಗಿ ಶುರುವಾದ ಕೂಡಲೇ ಗಡಿಯಾರ ನೋಡಿ, ಗಟ್ಟಿಯಾಗಿ ಸಮಯ ಹೇಳಿ. ನಿಂತಿತೋ ಇಲ್ಲವೋ ತಿಳಿಯಲು ಕಣ್ಣು ನೋಡಿ. ಮುಚ್ಚಿ, ಉಸಿರು ನಿಧಾನವಾಗಿ, ಮೈ ಸಡಿಲವಾದರೆ ನಿಂತಿದೆ. ಕೈ ಬಡಿಯುವುದು ನಿಂತರೂ ಕಣ್ಣು ತೆರೆದೇ ಒಂದು ಕಡೆ ಸಿಕ್ಕಿಕೊಂಡಿದ್ದರೆ ಫಿಟ್ಸ್ ಒಳಗೆ ನಡೆಯುತ್ತಲೇ ಇರಬಹುದು, ಗಡಿಯಾರ ನಿಲ್ಲಿಸಬೇಡಿ.

ಅಷ್ಟರವರೆಗೆ ಎಡಮಗ್ಗುಲಿಗೆ ಹೊರಳಿಸಿ, ಗಲ್ಲ ಸ್ವಲ್ಪ ಎತ್ತಿ, ಕತ್ತಿನ ಗುಂಡಿ, ಉಡಿದಾರ ಸಡಿಲಿಸಿ, ಜೊಲ್ಲು ತಾನೇ ಹೊರಗೆ ಹರಿಯಲಿ. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಬೇಡ. ಹಲ್ಲು ಮುರಿದು ಶ್ವಾಸನಾಳಕ್ಕೆ ಹೋಗುತ್ತದೆ, ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಕಬ್ಬಿಣದ ಕೀಲಿ, ಈರುಳ್ಳಿ, ಚಪ್ಪಲಿ ಮೂಸಿಸಿದರೆ ಫಿಟ್ಸ್ ನಿಲ್ಲುವುದಿಲ್ಲ. ಅದು ಹೇಗೂ ಒಂದೆರಡು ನಿಮಿಷಕ್ಕೆ ನಿಲ್ಲುವ ಹೊತ್ತಾಗಿರುತ್ತದೆ, ಕೀಲಿಗೆ ಹೆಸರು ಬರುತ್ತದೆ. ಬಾಲಗ್ರಹಕ್ಕೆ ಅಂತ ಹೊಟ್ಟೆಗೆ ಬರೆ ಹಾಕುವ ಕಡೆಗಳಲ್ಲಿ ಇದನ್ನು ಮೆದುವಾಗಿ, ಆದರೆ ಖಡಾಖಂಡಿತವಾಗಿ ಬೇಡ ಅನ್ನಿ. ಸುಟ್ಟಗಾಯದ ಸೋಂಕು ಫಿಟ್ಸಿಗಿಂತ ಕೆಟ್ಟದು.

ಮೊದಲ ಸಲದ ಫಿಟ್ಸ್, ಐದು ನಿಮಿಷ ಮೀರಿದ್ದು, ನಡುವೆ ಎಚ್ಚರವಾಗದೆ ಇನ್ನೊಂದು ಬಂದದ್ದು, ನೀರಿನಲ್ಲಿ ಆದದ್ದು, ತಲೆಗೆ ಪೆಟ್ಟಾದದ್ದು: 108ಕ್ಕೆ ಕರೆ. ಸ್ಪ್ರೇ ಕೊಟ್ಟ ಮೇಲೂ ಐದು ನಿಮಿಷದಲ್ಲಿ ನಿಲ್ಲದಿದ್ದರೆ ಹೊರಟಿರಬೇಕು, ಆಂಬುಲೆನ್ಸ್ ಕರೆಯುವುದನ್ನು ಆಗ ಶುರು ಮಾಡುವುದಲ್ಲ. ಉಳಿದವರನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸುವಾಗ ಚೀಟಿಯಲ್ಲಿ ‘ಫಿಟ್ಸ್’ ಅಂತಷ್ಟೇ ಬರೆಯದೆ ಹೀಗೆ ಬರೆಯಿರಿ: ‘5 ತಿಂಗಳು. ಎದ್ದ ಕೂಡಲೇ ತಲೆ ಬಾಗಿ ಕೈ ಚಾಚುತ್ತದೆ, 2 ಸೆಕೆಂಡು, ಸಾಲಾಗಿ 15. ಹತ್ತು ದಿನದಿಂದ. ನಗು ಕಡಿಮೆ. ವಿಡಿಯೋ ತಾಯಿಯ ಫೋನ್‌ನಲ್ಲಿದೆ.’ ಈ ಚೀಟಿ ಹಿಡಿದು ಬಂದ ಕೂಸಿಗೆ ಯಾರೂ ಮುಂದಿನ ತಿಂಗಳ ತಾರೀಖು ಕೊಡುವುದಿಲ್ಲ.